ಕ್ಯಾಸೆಟ್ಟಿನ ನಡುವೆ ಮಾತಾಡಿದ ಹುಡುಗಿ

ಬೆಳಿಗ್ಗೆ ಹತ್ತಿಗೆ ಸ್ಪಿರಿಟ್ ಹಚ್ಚಿ ಮೊಣಕೈ ಗಾಯ ಒರೆಸುವಾಗ ಹೊಳಲ್ಕೆರೆಯ ದೊಡ್ಡಪ್ಪನ ಟೇಪ್ ರೆಕಾರ್ಡರ್ ನೆನಪಾಯಿತು. ಬೇಸಿಗೆ ರಜೆಗೆ ನಾನು ಹಿರಿಯೂರಿನಿಂದ ಅಲ್ಲಿಗೆ ಹೋಗುತ್ತಿದ್ದೆ. ಭಾನುವಾರ ಬಂತೆಂದರೆ ದೊಡ್ಡಪ್ಪ ಹೀಗೆಯೇ ಸ್ಪಿರಿಟ್ಟಿನಲ್ಲಿ ಅದರೊಳಗೆ ಟೇಪು ತಾಗುವ ಹೆಡ್ ಒರೆಸಿ, ಒಂದೇ ಕ್ಯಾಸೆಟ್ ಹಾಕಿಸುತ್ತಿದ್ದರು. ಜಾಝ್ ಫ್ಯೂಷನ್ ಗಿಟಾರ್ ವಾದಕನೊಬ್ಬನ ಕಚೇರಿ, ಬೆಂಗಳೂರಿಗೆ ಹೋಗಿ ತಾವೇ ರೆಕಾರ್ಡ್ ಮಾಡಿಕೊಂಡು ಬಂದದ್ದು. ಗುಂಡಿ ಒತ್ತುವ ಹಕ್ಕು ಮಾತ್ರ ಅವರ ಮಗಳು ಸುಧಕ್ಕನದು.

“ನೀನು ಮುಟ್ಬ್ಯಾಡ ಕಣವ್ವ, ಸುಧಾ ಹಾಕ್ತಾಳೆ, ಕೇಳು,” ಎನ್ನುತ್ತಿದ್ದರು. ನಾನು ಗಿಟಾರ್ ಕೇಳುತ್ತಿರಲಿಲ್ಲ, ಅವಳ ಬೆರಳನ್ನೇ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ದೊಡ್ಡಪ್ಪ ಮಂಡಿಗೆ, ಸುಧಕ್ಕ ಟ್ಯೂಷನ್ನಿಗೆ ಹೋಗಿದ್ದರು. ಯಾರೂ ಅಳಿಸದಿರಲೆಂದು ದೊಡ್ಡಪ್ಪ ಕ್ಯಾಸೆಟ್ಟಿನ ಮೂಲೆಯ ಪ್ಲಾಸ್ಟಿಕ್ ಚೂರನ್ನು ಮುರಿದಿಟ್ಟಿದ್ದರು. ಆ ತೂತಿಗೆ ಕಾಗದ ತುರುಕಿ, ರೆಕಾರ್ಡಿನ ಕೆಂಪು ಗುಂಡಿ ಒತ್ತಿ, “ಈ ಕ್ಯಾಸೆಟ್ ನಂದು” ಎಂದೆ.

ಮುಂದಿನ ಭಾನುವಾರ ಗಿಟಾರಿನ ನಡುವೆ ನನ್ನ ದನಿ ಬಂತು. ದೊಡ್ಡಪ್ಪ ಸುಧಕ್ಕನ ತಲೆ ಸವರಿ, “ಇರ್ಲಿ ಬಿಡವ್ವ, ನಿನ್ ದನಿನೂ ಚೆನ್ನಾಗೈತೆ,” ಎಂದರು. ಅವಳು ಸುಮ್ಮನೆ ನಕ್ಕಳು.

ಈಗ ಸುಧಕ್ಕ ಆ ಕಚೇರಿಯನ್ನು ಯೂಟ್ಯೂಬಿಗೆ ಹಾಕಿದ್ದಾಳೆ. ಈತನ ಯಾವ ಆಲ್ಬಂ ಮೊದಲು ಕೇಳಬೇಕು, ಇಲ್ಲಿ ತಬಲಾ ಯಾರದು ಎಂದು ಅಭಿಮಾನಿಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಇವತ್ತು ಒಬ್ಬರು, ನಡುವೆ ಮಾತಾಡುವ ಪುಟ್ಟ ಹುಡುಗಿ ಯಾರು ಎಂದು ಕೇಳಿದ್ದರು.

“ಅದು ನಾನೇ,” ಎಂದು ಬರೆದಿದ್ದಾಳೆ.

ಅದರ ಕೆಳಗೆ ನೂರಾರು ಲೈಕು. ನಾನೂ ಒಂದು ಒತ್ತಿದೆ. ಆಮೇಲೆ ತೆಗೆದೆ.