ಐದು ಬಾಯಿಯ ಒಂದೇ ಸುದ್ದಿ

ತುಮಕೂರಿನ ಪೊಲೀಸ್ ಕಚೇರಿಯೊಂದರಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿರುವ ಸರ್ವಮಂಗಳ ಲಾಠಿ ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ಸುದ್ದಿಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸುವುದೇ ಅವಳ ಕೆಲಸ. ಹೇಳಿದವನಿಗೆ ಒಂದು ಅಂಕ, ಹೇಳಿದ ಮಾತಿಗೆ ಇನ್ನೊಂದು. ಎರಡನ್ನೂ ಬೆರೆಸುವಂತಿಲ್ಲ; ಸುಳ್ಳುಬುರುಕನೂ ಒಮ್ಮೊಮ್ಮೆ ಗೊತ್ತಿಲ್ಲದೆ ನಿಜ ಹೇಳಿಬಿಡುತ್ತಾನೆ, ಪಾಪ.

ಆ ತಿಂಗಳು ಗುಬ್ಬಿ ಸುತ್ತಮುತ್ತ ಬೋರ್‌ವೆಲ್ ಕೇಬಲ್ ಕಳ್ಳತನ ವಿಪರೀತವಾಗಿತ್ತು. ನಾಲ್ಕೇ ದಿನದಲ್ಲಿ ಐದು ಕಡೆಯಿಂದ ಒಂದೇ ಹೆಸರು ಬಂತು: ಗೂಳೂರಿನ ಮೋಟಾರ್ ರಿಪೇರಿ ದಾಸಯ್ಯ. ಇನ್‌ಸ್ಪೆಕ್ಟರ್ ಬಸವಪ್ರಭು ಹಿಗ್ಗಿಹೋದರು.

"ಐದ್ ಜನ ಹೇಳವ್ರೆ ಕಣಮ್ಮ, ಇನ್ನೇನ್ ಬೇಕು? ಮಧ್ಯಾಹ್ನ ಎತ್ತಾಕ್ಕೊಂಡ್ ಬರೋಣ."

"ಒಂದ್ ಗಂಟೆ ಟೈಮ್ ಕೊಡಿ ಸಾರ್. ಆ ಐದ್ ಜನಕ್ಕೆ ಹೇಳ್ದೋರ್ ಯಾರು ಅಂತ ನೋಡ್ತೀನಿ."

ಒಮ್ಮೆ ಜೀಪು ಹತ್ತಿದರೆ, ಆಮೇಲೆ ಬಿಟ್ಟು ಕಳಿಸಿದರೂ ಆ ಬಡಪಾಯಿಯ ಅಂಗಡಿಗೆ ಯಾರೂ ಬರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಫೋನ್ ಹಿಡಿದು ಕೂತಳು. ಐವರಲ್ಲಿ ಕುಣಿಗಲ್ಲಿನವನಿಗೆ ಹೇಳಿದ್ದು ಗುಬ್ಬಿಯಲ್ಲಿದ್ದ ಅವನ ಷಡ್ಡಕ. ಷಡ್ಡಕನೂ, ಉಳಿದ ನಾಲ್ವರೂ ಕೇಳಿದ್ದು ಗುಬ್ಬಿಯ ಒಂದೇ ಸಲೂನಿನಲ್ಲಿ. ಅಲ್ಲಿ ಶೇವಿಂಗಿಗೆ ಕೂತು ಸುದ್ದಿ ಬಿಟ್ಟವನು ಹಾಗಲವಾಡಿಯ ಮಹಾಲಿಂಗಯ್ಯ, ಅವಳೇ ಪೂರ್ತಿ ಅಂಕ ಕೊಟ್ಟಿದ್ದ ಆಸಾಮಿ.

"ನಿಮಗ್ಯಾರು ಹೇಳಿದ್ದು?"

"ತಮಾಷೆ ಮಾಡ್ತೀರಾ ಮೇಡಂ? ನೀವೇ ತಾನೆ! ಹೋದ್ ವಾರ ಫೋನ್ ಮಾಡಿ, ಗೂಳೂರ್ ದಾಸಯ್ಯ ಹೆಂಗೆ, ನಂಬಬೋದಾ ಅಂದ್ರಲ್ಲ. ಪೊಲೀಸ್ನೋರು ಒಬ್ನ ಬಗ್ಗೆ ಸುಮ್‌ಸುಮ್ನೆ ಕೇಳ್ತಾರಾ?"

ಕೇಳಿದ್ದು ನಿಜ. ಮರಳೂರಿನ ಅವಳ ಮನೆಯಲ್ಲಿ ಸಂಪಿನ ಮೋಟಾರ್ ಸುಟ್ಟುಹೋಗಿತ್ತು. ದಾಸಯ್ಯನಿಗೆ ರಿಪೇರಿಗೆ ಕೊಡಬಹುದೇ ಎಂದು ವಿಚಾರಿಸಿದ್ದಳು, ಅಷ್ಟೇ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಜೀಪಿನ ಡ್ರೈವರ್ ಆಗಲೇ ಕೀಲಿ ಹಿಡಿದು ನಿಂತಿದ್ದ.

"ಮೂಲ ಸಿಕ್ತು ಸಾರ್," ಎಂದಳು. "ನಾನೇ."

ಬಸವಪ್ರಭು ಕುಡಿಯುತ್ತಿದ್ದ ಕಾಫಿ ಮೂಗಿಗೇರಿತು. ಜೀಪು ಹೊರಡಲಿಲ್ಲ.

ಶನಿವಾರ ಅವಳು ಸುಟ್ಟ ಮೋಟಾರ್ ಹೊತ್ತು ಗೂಳೂರಿಗೆ ಹೋದಳು. ಪೊಲೀಸರೇ ದಾಸಯ್ಯನನ್ನು ನಂಬುತ್ತಾರೆಂದು ಬೀದಿಗೆಲ್ಲ ಕಾಣಲಿ ಎಂದು ಬೇಕೆಂದೇ ಯೂನಿಫಾರ್ಮ್ ಹಾಕಿದ್ದಳು. ಅಂಗಡಿ ಬಣಗುಡುತ್ತಿತ್ತು. ವಾರದಿಂದ ಗಿರಾಕಿಯೇ ಇಲ್ಲವೆಂದು ದಾಸಯ್ಯ ಹೇಳಿದಾಗ ಅವಳಿಗೆ ನಾಚಿಕೆಯಾಯಿತು. ನಡೆದದ್ದೆಲ್ಲ ಒಪ್ಪಿಕೊಂಡು ಕೈಮುಗಿದಳು.

ದಾಸಯ್ಯ ಅವಳ ಹೆಗಲಾಚೆ ಬೀದಿಯತ್ತ ನೋಡಿದ. ಎದುರಿನ ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡೇ ಬೀದಿಗೆ ಬಂದು ಇತ್ತ ನೋಡುತ್ತಿದ್ದರು. ಒಬ್ಬ ಆಗಲೇ ಯಾರಿಗೋ ಫೋನ್ ಮಾಡುತ್ತಿದ್ದ.

"ಆಗಿದ್ದಾಯ್ತು ಬುಡಿ ಮೇಡಂ," ಎಂದ ದಾಸಯ್ಯ. "ಮೋಟಾರ್ ತಗೊಂಡೋಗೋಕೆ ಬರುವಾಗ ಮಾತ್ರ ಸೀರೆ ಉಟ್ಕೊಂಡ್ ಬನ್ನಿ."