ಎಡಗಿವಿ ಕೊಟ್ಟು ಕೂತವರು

ಹೋದ ತಿಂಗಳು ಬೈಲಹೊಂಗಲದ ಕಿವಿ ಡಾಕ್ಟರು ನನ್ನನ್ನು ಗಾಜಿನ ಪೆಟ್ಟಿಗೆಯಂಥ ಒಂದು ಕೋಣೆಯಲ್ಲಿ ಕೂಡಿಸಿ, ಎರಡೂ ಕಿವಿಗೆ ಕರಿ ಬಟ್ಟಲು ಮುಚ್ಚಿ, ಸಪ್ಪಳ ಕೇಳಿಸಿದಾಗಲೆಲ್ಲ ಬೆರಳು ಎತ್ತಬೇಕು ಎಂದರು. ಬಲಗಿವಿಯಲ್ಲಿ ಸೊಳ್ಳೆ ಕೂಗಿದಂತೆ ಏನೋ ಬಂತು, ಎತ್ತಿದೆ. ಎಡಗಿವಿಯಲ್ಲಿ ಏನೂ ಬರಲಿಲ್ಲ. ಸುಮ್ಮನೆ ಕೂತರೆ ದಡ್ಡಿ ಎಂದುಕೊಂಡಾರು ಎಂದು ಆಗೊಮ್ಮೆ ಈಗೊಮ್ಮೆ ಬೆರಳು ಎತ್ತುತ್ತಲೇ ಇದ್ದೆ. ಗಾಜಿನ ಆಚೆ ಕೂತಿದ್ದ ಹುಡುಗಿ ಬಾಗಿಲು ತೆಗೆದು ನಕ್ಕಳು.

"ಅಜ್ಜಿ, ಈ ಕಡೀದು ನಾ ಇನ್ನಾ ಚಾಲೂನ ಮಾಡಿಲ್ರಿ. ಯಾಕ ಬೊಟ್ಟ ಎತ್ತಾಕ ಹತ್ತೀರಿ?"

ಎಡಗಿವಿ ಪೂರ್ತಿ ಹೋಗಿದೆ ಎಂದು ಡಾಕ್ಟರು ಚೀಟಿ ಬರೆದರು. ನಾನು ಈಗ ಇರುವುದು ಬೈಲಹೊಂಗಲದಲ್ಲೇ, ಮಗಳ ಮನೆಯಲ್ಲಿ. ಜೊತೆಗೆ ಬಂದಿದ್ದ ಅವಳು ಮೋರೆ ಸಣ್ಣದು ಮಾಡಿಕೊಂಡಳು. ನನಗೆ ಮಾತ್ರ ನಗು. ನಮ್ಮ ಮನೆಗೆ ಕೆಟ್ಟ ಎಡಗಿವಿ ಹೊಸದೇನಲ್ಲ. ಒಂದು ಆಯುಷ್ಯವೆಲ್ಲ ಅಂಥದೊಂದರ ಪಕ್ಕದಲ್ಲೇ ಸಂಸಾರ ಮಾಡಿದವಳು ನಾನು.

ನಮ್ಮ ಮನೆಯವರ ಎಡಗಿವಿ ಬಾಂಗ್ಲಾ ಯುದ್ಧದಲ್ಲಿ ಹೋಯಿತು. ಹತ್ತಿರದಲ್ಲಿ ಗುಂಡು ಬಿದ್ದು ಸಿಡಿಯಿತಂತೆ. 'ಅಂತೆ' ಎಂದು ಯಾಕೆ ಹೇಳುತ್ತೇನೆಂದರೆ, ಅವರ ಬಾಯಿಂದ ನಾನು ಕೇಳಿದ್ದಲ್ಲ. ಮಿಲಿಟರಿಯವರು ಕೊಟ್ಟ ಕಾಗದದಲ್ಲಿ ಎರಡು ಸಾಲು ಇತ್ತು. ಸಾಲಿ ಮಾಸ್ತರರು ಓದಿ ಹೇಳಿದರು. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಆಮೇಲೆ ಮಗಳ ಪಾಟಿಯ ಮೇಲೆ ಕಲಿತು, ಮೊದಲು ಓದಿ ನೋಡಿದ್ದು ಆ ಕಾಗದವನ್ನೇ. ಒಳಗೆ ಇನ್ನೇನಾದರೂ ಇದ್ದೀತು, ಮಾಸ್ತರರು ಬಿಟ್ಟಿರಬಹುದು ಎಂಬ ಗುಮಾನಿ ನನಗೆ. ಒಂದಕ್ಷರವೂ ತಿಳಿಯಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು.

ಅವರ ಕಿವುಡು ಬಲು ಶಾಣ್ಯಾ ಕಿವುಡು. ಸವದತ್ತಿ ಸಂತೆಯಲ್ಲಿ ಜೋಳದ ಧಾರಣಿ ಏರಿದರೆ ಮೂರು ಹೊಲದಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಒಲೆಯ ಮುಂದೆ ಅವರ ತಂಗಿಯನ್ನು ಬೈದರೆ ಅಂಗಳದಿಂದ ಕೆಮ್ಮುತ್ತಿದ್ದರು. ಯುದ್ಧದ ಮಾತು ಬಂತೋ, ಮೆಲ್ಲಗೆ ಕತ್ತು ತಿರುಗಿಸಿ ಎಡಗಿವಿ ಕೊಟ್ಟು ಕೂಡುತ್ತಿದ್ದರು. ಊರ ಕಟ್ಟೆಯ ಮೇಲೆ ಯಾರೋ ಒಬ್ಬ ಕೆಣಕಿದ:

"ಮಿಲ್ಟ್ರಿ ಮಾವಾ, ಎಷ್ಟ ಮಂದೀನ ಹೊಡದ್ರಿ ಹೇಳ್ರೆಲಾ?"

"ಹೌದ ನೋಡ, ಈ ಸಲಾ ಮಳಿ ಭಾಳ ತಡಾ ಆತು" ಎಂದರು ನಮ್ಮವರು.

ಒಂದು ಸಲ ಕಿತ್ತೂರಿನಲ್ಲಿ ಹಳೆಯ ಸೈನಿಕರಿಗೆಲ್ಲ ಶಾಲು ಹೊದಿಸುವ ಕಾರ್ಯಕ್ರಮ. ಹೋಗುವುದಿಲ್ಲ ಎಂದವರನ್ನು ನಾನೇ ಗದರಿಸಿ ಕರೆದುಕೊಂಡು ಹೋದೆ. ಶಾಲು ಬಂತು, ಹಾರ ಬಂತು. ಮೈಕು ಹಿಡಿದಿದ್ದ ಮನುಷ್ಯ, ಹಿರಿಯರು ತಮ್ಮ ಅನುಭವ ಎರಡು ಮಾತಿನಲ್ಲಿ ಹೇಳಬೇಕು ಎಂದ. ಇವರು ಎದ್ದು ಹೋಗಿ ಮೈಕಿನ ಮುಂದೆ ನಿಂತರು. ಇಷ್ಟು ಜನರ ಮುಂದಾದರೂ ಬಾಯಿ ಬಿಟ್ಟಾರು, ಬಿಟ್ಟರೆ ನನಗೂ ತಿಳಿದೀತು ಎಂದು ಸೆರಗು ಬಿಗಿ ಹಿಡಿದು ಕೂತೆ. ಇವರು ಸುತ್ತ ಒಮ್ಮೆ ನೋಡಿ, "ಎಲ್ಲಾರೂ ಊಟಾ ಮಾಡ್ಕೊಂಡ ಹೋಗ್ರಿ" ಎಂದು ಹೇಳಿ ಬಂದು ಕೂತರು. ಊಟದ ವ್ಯವಸ್ಥೆಯೇ ಇರಲಿಲ್ಲ. ಜನ ಎದ್ದು ಊಟ ಎಲ್ಲಿ ಎಂದು ಹುಡುಕತೊಡಗಿದರು. ಕಾರ್ಯಕ್ರಮ ಮಾಡಿದವರು ಮುಂದೆ ಎಂದೂ ಇವರನ್ನು ಕರೆಯಲಿಲ್ಲ.

ನೀವು ನಗುತ್ತಿರಬಹುದು. ಅಂದು ಮರಳುವ ಬಸ್ಸಿನಲ್ಲಿ ನಾನೂ ನಕ್ಕಿದ್ದೆ. ಆದರೆ ನಿಂಗವ್ವನನ್ನು ನೆನೆದರೆ ಈ ನಗು ನನಗೆ ಪೂರಾ ಬರುವುದಿಲ್ಲ.

ನಿಂಗವ್ವ ನಮ್ಮ ನೆರೆಮನೆಯ ಸೊಸೆ. ಅವಳ ಗಂಡ ಫಕೀರಪ್ಪ, ನಮ್ಮವರು, ಇಬ್ಬರೂ ಒಂದೇ ದಿನ ಫೌಜಿಗೆ ಸೇರಿದವರು, ಒಂದೇ ತುಕಡಿಯಲ್ಲಿದ್ದವರು. ನಾವಿಬ್ಬರು ಒಂದೇ ಬಾವಿಯ ನೀರು, ಒಂದೇ ಬೀಸುವ ಕಲ್ಲು. ಪತ್ರ ಬಂದರೆ ಒಬ್ಬಳದನ್ನು ಇನ್ನೊಬ್ಬಳು ಕೂತು ಕೇಳಬೇಕು. ನನಗಿಂತ ಎರಡು ವರ್ಷಕ್ಕೆ ಸಣ್ಣವಳು. ನನ್ನನ್ನು ಯಕ್ಕಾ ಎನ್ನುತ್ತಿದ್ದಳು.

ನಮ್ಮ ಊರು ಉಗರಗೋಳದ ಬದಿಗೆ. ಗುಡ್ಡದ ಯಲ್ಲಮ್ಮ ನಮಗೆ ಮನೆಯ ಹಿರಿಯಳಿದ್ದ ಹಾಗೆ. ಹೊಸ್ತಿಲ ಹುಣ್ಣಿಮೆಗೆ ಆಕೆಯ ಗಂಡ ಸತ್ತ ಎಂದು ನಂಬಿಕೆ. ಜನ ಅದನ್ನು ರಂಡಿ ಹುಣ್ಣಿಮೆ ಎನ್ನುತ್ತಾರೆ. ಬಿರುಸು ಮಾತು, ಆದರೆ ಇರುವುದೇ ಹಾಗೆ. ನಮ್ಮ ಅತ್ತೆಯ ಮನೆತನದಲ್ಲಿ, ನಿಂಗವ್ವನ ಮನೆಯಲ್ಲೂ, ಅಂದು ಹೆಂಗಸರು ಗುಡ್ಡಕ್ಕೆ ಹೋಗಿ ಕೈಬಳೆ ಒಡೆದು ಬರಬೇಕು. ದೇವಿ ಮತ್ತೆ ಮುತ್ತೈದೆಯಾಗುವ ಭಾರತ ಹುಣ್ಣಿಮೆಯವರೆಗೆ ಎರಡು ತಿಂಗಳು ಬರಿಗೈ. "ಆಕಿ ಕೈ ಬರಿದಿದ್ದಾಗ ನಿಮ್ಮ ಕೈಯಾಗ ಬಳಿ ಗಲ್ ಗಲ್ ಅಂದ್ರ ಆಕಿಗೆ ಹೆಂಗ ಅನಸೀತು?" ಎನ್ನುತ್ತಿದ್ದಳು ಅತ್ತೆ. ಬೇರೆ ವರ್ಷಗಳಲ್ಲಿ ನಾವು ನಗುನಗುತ್ತ ಒಡೆದವರೇ. ಹೊಸ ಬಳೆ ಯಾವ ಬಣ್ಣದ್ದು ಎಂದು ಆಗಲೇ ಮಾತು ಹಾಕಿಕೊಳ್ಳುತ್ತಿದ್ದೆವು.

ಆ ವರ್ಷ ಹಾಗಿರಲಿಲ್ಲ. ಗಡಿಯ ಕಡೆ ಹೊರಟಿದ್ದೇವೆ ಎಂದು ಇಬ್ಬರ ಪತ್ರವೂ ಬಂದಿತ್ತು. ಗಂಡ ಬಂದೂಕಿನ ಮುಂದೆ ನಿಂತಿರುವಾಗ ಕೈಯಾರೆ ಬಳೆ ಒಡೆಯಲು ನನ್ನ ಕೈ ಬರಲಿಲ್ಲ. ಅತ್ತೆಗೆ ಎದುರಾಡುವ ಧೈರ್ಯವೂ ಇರಲಿಲ್ಲ. ಬಲಗೈಯ ಬಳೆ ಒಡೆಯುವುದು, ಎಡಗೈಯ ಎರಡು ಹಸಿರು ಬಳೆ ಉಳಿಸಿಕೊಳ್ಳುವುದು ಎಂದು ನಾನೇ ಒಂದು ಹೂಟ ಹೂಡಿದೆ. ಎಡಗೈಗೆ ಅರಿಶಿನದ ಬಟ್ಟೆ ಸುತ್ತಿ, ರೊಟ್ಟಿ ಹಂಚು ತಾಗಿ ಸುಟ್ಟಿತು ಎಂದೆ. ಅತ್ತೆಗೆ ಕಣ್ಣು ಮಂಜು. ನಂಬಿದಳು.

ಗುಡ್ಡದ ಮೇಲೆ ನಿಂಗವ್ವ ನನ್ನ ಮೊಣಕೈ ಹಿಡಿದು ಬದಿಗೆ ಎಳೆದಳು. "ಯಕ್ಕಾ, ಈ ಸಲಾ ಒಡ್ಯಾಕ ಮನಸ ಬರವಲ್ದು. ಇಬ್ಬರೂ ಕೂಡಿ ಒಲ್ಲೆ ಅನ್ನೂಣೇನ?"

ಆಗ ನಾನು ಹೇಳಬಹುದಿತ್ತು, ಇಗೋ ನನ್ನ ಬಟ್ಟೆ, ನೀನೂ ಒಂದು ಸುತ್ತಿಕೋ ಎಂದು. ಹೇಳಲಿಲ್ಲ. ಒಲ್ಲೆ ಎಂದು ಇವಳು ಗದ್ದಲ ಎಬ್ಬಿಸಿದರೆ ಅತ್ತೆ ನನ್ನ ಕೈಯನ್ನೂ ಬಿಚ್ಚಿ ನೋಡುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿ. "ದೇವಿ ಸಿಟ್ಟಾದ್ರ ಏನ ಮಾಡ್ತಿ? ಸುಮ್ನ ಒಡಿ" ಎಂದು ನಾನೇ ಕಲ್ಲು ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಯ ಬಳೆ ಒಡೆದಳು. ಮರುದಿನ ರೇಡಿಯೋದಲ್ಲಿ ಯುದ್ಧ ಎಂದರು.

ಫಕೀರಪ್ಪ ಬರಲಿಲ್ಲ. ಮೊದಲು ತಂತಿ ಬಂತು, ಆಮೇಲೆ ಟ್ರಂಕು ಬಂತು, ದೇಹ ಬರಲೇ ಇಲ್ಲ. ನಿಂಗವ್ವನ ಕೈ ಮೊದಲೇ ಬರಿದು. ಶಾಸ್ತ್ರ ಆಗಬೇಕಲ್ಲ ಎಂದು ಕೇರಿಯ ಮುದುಕಿಯರು ಬಳೆ ತರಿಸಿ, ಅವಳಿಗೆ ತೊಡಿಸಿ, ಮತ್ತೆ ಒಡೆದರು. ಮುತ್ತೈದೆ ನೋಡಬಾರದೆಂದು ನನ್ನನ್ನು ಒಳಗೆ ಕಳಿಸಿದರು. ಗೋಡೆಯ ಆಚೆಯಿಂದ ಸಪ್ಪಳ ಕೇಳಿದೆ. ನನ್ನ ಕೈಗೆ ಬಟ್ಟೆ ಇನ್ನೂ ಇತ್ತು. ಸುಟ್ಟ ಗಾಯ ಇಷ್ಟು ದಿನ ಮಾಯದೆ ಇರುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅಂದೇ ಬಾಯಿ ಬಿಡುತ್ತಿದ್ದೆನೇನೋ.

ವರ್ಷ ತುಂಬಿದ ಮೇಲೆ ನಿಂಗವ್ವ ತವರಿಗೆ, ರಾಮದುರ್ಗಕ್ಕೆ ಹೋದಳು. ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿ ಮಗ್ಗ ಇತ್ತು. ಅದರ ಕೆಲಸಕ್ಕೆ ನಿಂತಳು. ಆದರೆ ಪ್ರತಿ ವರ್ಷ ರಂಡಿ ಹುಣ್ಣಿಮೆಗೆ ಗುಡ್ಡಕ್ಕೆ ಬಂದು, ಇಳಿದು ನಮ್ಮ ಮನೆಗೆ ಬರುತ್ತಿದ್ದಳು. ರೊಟ್ಟಿ ತಿಂದು, ಕೈ ತೊಳೆದು, ನಮ್ಮವರ ಎದುರು ಕಂಬಕ್ಕೆ ಒರಗಿ ಕೂತು ಒಂದೇ ಮಾತು ಕೇಳುವಳು:

"ಅಣ್ಣಾ, ಇವರು ನೀರ ಕುಡದಿದ್ರೇನು?"

ಇವರು ಎಂದರೆ ಫಕೀರಪ್ಪ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಸಾಯುವಾಗ ಬಾಯಿಗೆ ಯಾರಾದರೂ ನೀರು ಬಿಟ್ಟರೇ, ಒಣಗಿದ ಬಾಯಲ್ಲಿ ಹೋದರೇ, ಅದಿಷ್ಟೇ ಅವಳಿಗೆ ಬೇಕಾದದ್ದು. ನಮ್ಮವರು ಎಡಗಿವಿ ಕೊಟ್ಟು ಕೂಡುತ್ತಿದ್ದರು. ಅವಳು ಇನ್ನೊಮ್ಮೆ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಇರುವರು. ಆಮೇಲೆ ಅವಳು ಎದ್ದು, "ಬರತೇನ್ರಿ ಅಣ್ಣಾ" ಎಂದರೆ, ಅದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಬಸ್ಸಿನವರೆಗೆ ಕಳಿಸಿ ಬರುವರು.

ಇದು ಒಂದೆರಡು ವರ್ಷದ ಮಾತಲ್ಲ. ಇಬ್ಬರ ತಲೆಯೂ ಬೆಳ್ಳಗಾಯಿತು. ಒಂದು ವರ್ಷ ನನಗೆ ತಡೆಯಲಾಗಲಿಲ್ಲ. ಅವಳನ್ನು ಕಳಿಸಿ ಬಂದವರು ದನಕ್ಕೆ ಕಣಕಿ ಹಾಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹರಿಹಾಯ್ದೆ.

"ಎದಿಯಾಗ ಏನ ಕಲ್ಲ ಇಟಗೊಂಡೀರಿ? ಕುಡದಾ ಅನ್ರಿ. ಸುಳ್ಳರ ಹೇಳ್ರಿ. ನಿಮ್ಮ ಗಂಟೇನ ಹೋಗತೈತಿ?"

ಕಣಕಿ ಹಾಕುವುದು ನಿಂತಿತು. ನನ್ನ ಕಡೆ ತಿರುಗಲಿಲ್ಲ.

"ಅಂವಾ ನನ್ನ ಹೆಸರ ಹಿಡದ ಕರದಾ" ಎಂದರು. "ಭಾಳೊತ್ತ ಕರದಾ. ಅವಾಗ ನನಗ ಎರಡೂ ಕಿವಿ ಕೇಳಸ್ತಿದ್ದೂ."

ಮತ್ತೆ ಕಣಕಿ ಹಾಕತೊಡಗಿದರು. ನಾನು ಒಳಗೆ ಬಂದು ಒಲೆಯ ಮುಂದೆ ಕೂತೆ. ಹೋಗಲು ಆಗಲಿಲ್ಲವೇ, ಬಿಡಲಿಲ್ಲವೇ, ಹೆದರಿದರೇ, ನನಗೆ ಗೊತ್ತಿಲ್ಲ. ಕೇಳಲಿಲ್ಲ. ನನ್ನ ಗಂಡನಿಗೆ ನಾನು ಕೊಟ್ಟ ಮರ್ಯಾದೆ ಎಂದರೆ ಅದೊಂದೇ ಇರಬೇಕು.

ಅವರು ತೀರಿಕೊಂಡು ಮೂರು ವರ್ಷವಾಯಿತು. ನಿಂಗವ್ವ ಮಣ್ಣಿಗೆ ಬಂದು, ಮೂಲೆಯಲ್ಲಿ ಕೂತು ಹೋದಳು. ಆಮೇಲೆ ಬರಲಿಲ್ಲ. ಮುಂಜಾನೆ ಅಂಗಳದಲ್ಲಿ ಅವರು ಕೆಮ್ಮುವ ಸದ್ದಿಗೆ ನಾನು ಈಗಲೂ ಏಳುತ್ತೇನೆ. ಸದ್ದು ಇಲ್ಲ, ಏಳುವುದು ಇದೆ. ಮಾತಾಡದವರು ಹೋದರೆ ಮನೆ ಇಷ್ಟು ಸುಮ್ಮನಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಕಿವಿ ಡಾಕ್ಟರ ಬಳಿಯಿಂದ ಬಂದ ಮೇಲೆ ನನಗೆ ಒಂದು ಗಡಿಬಿಡಿ ಹಿಡಿಯಿತು. ಇವತ್ತು ಎಡಗಿವಿ, ನಾಳೆ ಬಲಗಿವಿ, ಆಮೇಲೆ ನೆನಪು. ಹೊಟ್ಟೆಯಲ್ಲಿದ್ದ ಎರಡೂ ಮಾತನ್ನು ನಿಂಗವ್ವನ ಮುಂದೆ ಸುರಿದು ಬಿಡಬೇಕು, ಬಳೆಯದೂ, ಅವರು ಹೇಳಿದ್ದೂ. ಬೈದರೆ ಬೈಯಲಿ. ಮಗಳಿಗೆ ಸುಳ್ಳು ಹೇಳಿ ಒಬ್ಬಳೇ ರಾಮದುರ್ಗದ ಬಸ್ಸು ಹತ್ತಿದೆ.

ಅವಳು ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಾ ಯಕ್ಕಾ. ಸತ್ತೀ ಅಂತ ಮಾಡಿದ್ದೆ."

"ನಿನ್ನ ಬಿಟ್ಟ ಹೆಂಗ ಸಾಯಲಿ?" ಎಂದು ಕೂತೆ.

ನೀರು ಕುಡಿದು, ಉಸಿರು ಹಿಡಿದು, ಬಳೆಯ ಕಥೆ ಪೂರಾ ಹೇಳಿದೆ. ಹಂಚು, ಬಟ್ಟೆ, ಕಲ್ಲು ಯಾವುದನ್ನೂ ಬಿಡಲಿಲ್ಲ. ಅವಳ ಮುಖ ನೋಡಲಾಗದೆ ತಿರುಗುವ ರಾಟೆಯನ್ನೇ ನೋಡುತ್ತ ಹೇಳಿದೆ. ರಾಟೆ ನಿಂತಿತು. ನಿಂಗವ್ವ ಕೆಮ್ಮು ಬರುವವರೆಗೆ ನಕ್ಕಳು.

"ಅಯ್ಯ ನಿನ್ನ! ಎರಡ ಗಾಜಿನ ಬಳಿ ಗುಂಡ ತಡೀತಾವಂದ್ರ ಸರಕಾರದಾವ್ರು ಬಂದೂಕ ಯಾಕ ಕೊಡತಿದ್ರು? ನಮ್ಮೂರ ಬಳಿಗಾರನ್ನ ಗಡಿಗೆ ಕಳಸತಿದ್ರು." ಕಣ್ಣು ಒರೆಸಿಕೊಂಡಳು. "ಆ ಬಟ್ಟಿ ನಾ ಅವತ್ತ ನೋಡಿದ್ದೆ ಬಿಡಬೇ. ಸುಟ್ಟ ಕೈಲೇನ ಅಷ್ಟ ದೊಡ್ಡ ಕಲ್ಲ ಎತ್ತಿ ಕೊಟ್ಟಿ."

"ಗೊತ್ತಿದ್ದೂ ಒಡದೀಯಾ?"

"ನಾ ಒಲ್ಲೆ ಅಂದಿದ್ರ ನಿಮ್ಮ ಅತ್ತಿ ನಿನ್ನ ಕೈ ಬಿಚ್ಚತಿದ್ಲು. ಒಬ್ಬಾಕಿದರ ಉಳೀಲಿ ಅಂದೆ."

ಇಷ್ಟು ವರ್ಷ ನನ್ನ ಗುಟ್ಟು ಎಂದು ಹೊತ್ತದ್ದು ಅವಳ ಮನೆಯಲ್ಲೇ ಇತ್ತು. ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದ ಮಾತ ಐತಿ, ನಿಂಗವ್ವಾ. ನಮ್ಮ ಮನಿಯವರು ಒಂದಿನಾ..." ಎಂದು ಶುರು ಮಾಡಿದೆ.

ಅವಳು ನೂಲು ಹಿಡಿದ ಕೈಯನ್ನು ಅಡ್ಡ ಮಾಡಿದಳು. "ಬ್ಯಾಡ."

"ಕೇಳರ ಕೇಳ..."

"ಬ್ಯಾಡ ಯಕ್ಕಾ. ವರ್ಷಾ ವರ್ಷಾ ಬಂದ ಕೇಳತಿದ್ನಲ್ಲಾ, ಮೊದಲ ಮೊದಲ ತಿಳಕೋಳಾಕ ಕೇಳತಿದ್ದೆ. ಆಮ್ಯಾಲ ಹಂಗಲ್ಲ. ಅಣ್ಣಾರು ಸುಮ್ನ ಕುಂತಾಗ ನನಗ, ಇವರು ಇನ್ನಾ ಎಲ್ಲೋ ನೀರ ಹುಡಕ್ಕೋಂತ ಹೊಂಟಾರ ಅನಸತಿತ್ತು. ಅಣ್ಣಾರು ಬಾಯಿ ಬಿಟ್ಟಿದ್ರ ಇವರು ಅಲ್ಲೇ ನಿಂತ ಬಿಡತಿದ್ರು." ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಿದಳು. "ಈಗ ಕೇಳೂಣಂದ್ರ ಯಾರದಾರ?"

ನನ್ನ ಬಾಯಿಯ ವಿಷಯ ಊರಿಗೆಲ್ಲ ಗೊತ್ತು. ಅದನ್ನು ಇಟ್ಟುಕೊಂಡು ನಾನು ಹೇಗೆ ಹಾಗೆಂದೆನೋ, "ನನ್ನ ಕೇಳು" ಎಂದೆ.

ಅವಳು ಕಂಡಿಕೆ ತುಂಬುವವರೆಗೆ ಸುತ್ತಿದಳು. ಆಮೇಲೆ ರಾಟೆ ಬದಿಗೆ ಸರಿಸಿ, ಗೋಡೆಗೆ ಒರಗಿ, ಕಾಲು ಚಾಚಿ ಕೇಳಿದಳು.

"ಇವರು ನೀರ ಕುಡದಿದ್ರೇನು?"

ಮಾತು ಹಲ್ಲಿನವರೆಗೆ ಬಂದಿತ್ತು. ನುಂಗಿ, ಮೆಲ್ಲಗೆ ಕತ್ತು ತಿರುಗಿಸಿ ಎಡಗಿವಿ ಕೊಟ್ಟೆ. ಒಳಗೆ ಮಗ್ಗ ಬಡಿಯುತ್ತಿತ್ತು. ಅವಳು ಬಹಳ ಹೊತ್ತು ಬಾಗಿಲಾಚೆ ನೋಡುತ್ತ ಕೂತಿದ್ದಳು, ನಾನೂ ಕೂತಿದ್ದೆ. ನಮ್ಮವರು ಇಷ್ಟು ವರ್ಷ ಸುಮ್ಮನೆ ಕೂತಿರಲಿಲ್ಲ, ದುಡಿಯುತ್ತಿದ್ದರು ಎಂದು ಅಂದು ನನ್ನ ಕುತ್ತಿಗೆಗೆ ತಿಳಿಯಿತು.

ಈ ಸಲ ಹೊಸ್ತಿಲ ಹುಣ್ಣಿಮೆಗೆ ನಿಂಗವ್ವ ಗುಡ್ಡ ಹತ್ತುವುದಿಲ್ಲವಂತೆ, ಮೊಣಕಾಲು ಒಲ್ಲೆ ಎನ್ನುತ್ತವೆ. ನೇರ ಬೈಲಹೊಂಗಲಕ್ಕೆ ನನ್ನ ಬಳಿಗೇ ಬರುತ್ತಾಳೆ. ಬಂದು ಕೇಳುತ್ತಾಳೆ. ನಾನು ಈಗಿನಿಂದಲೇ ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ. ನಿಮಗೆ ಹೇಳಿಬಿಟ್ಟೆನಲ್ಲ, ಅದು ಬೇರೆ. ಎಲ್ಲಾದರೂ ಒಂದು ಕಡೆ ಇಳಿಸಬೇಕಿತ್ತು. ನಿಂಗವ್ವನಿಗೆ ಓದು ಬರುವುದಿಲ್ಲ. ನೀವು ಯಾರಾದರೂ ರಾಮದುರ್ಗದ ಕಡೆ ಹೋದರೆ, ಪಡಸಾಲೆಯಲ್ಲಿ ನೂಲು ಸುತ್ತುವ ಮುದುಕಿ ಕಂಡರೆ, ನೀರು ಕೇಳಿ ಕುಡಿಯಿರಿ, ನಮಸ್ಕಾರ ಮಾಡಿ, ಬಾಯಿ ಮುಚ್ಚಿಕೊಂಡು ಮುಂದೆ ಹೋಗಿ.