ತಾರ್ಲಿ ಹಿಂಡಿಯ ಆಯಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ಸಣ್ಣ ಚಾಕುವಿನಷ್ಟು ಚೂಪಾಗಿತ್ತು. ಒಣಗಿದ ತಾರ್ಲಿ ಮೀನಿನ ಹೊಟ್ಟೆಯನ್ನು ಅದರಿಂದಲೇ ಸೀಳಿ, ಒಳಗಿನ ಕರಿ ಪೊರೆಯನ್ನು ಒಂದೇ ಎಳೆತಕ್ಕೆ ಕಿತ್ತು ಬಿಸಾಡುತ್ತಿದ್ದಳು. “ಕಹಿ ಇರೂದ ಇಷ್ಟರಾಗನ. ಇದನ್ನ ತಗ್ಯಾಕ ಬ್ಯಾಸರ ಮಾಡೂವಾಕಿ ಹಿಂಡಿ ಮಾಡಬಾರದು” ಎನ್ನುತ್ತಿದ್ದಳು.

ಅವಳು ನನಗೆ ರಕ್ತಸಂಬಂಧಿಯಲ್ಲ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿದ ಖೋಲಿಯಲ್ಲಿ ಒಬ್ಬಳೇ ಇದ್ದ ವಿಧವೆ. ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬಂದು ಎಷ್ಟೋ ವರ್ಷವಾಗಿ, ಮಾತೆಲ್ಲ ನಮ್ಮದೇ ಆಗಿತ್ತು. ಓಣಿಯ ಮಕ್ಕಳಿಗೆಲ್ಲ ಅಜ್ಜಿಯಾಗಿದ್ದುದರಿಂದ ದೊಡ್ಡವರೂ ಆಯಿ ಎಂದೇ ಕರೆಯುತ್ತಿದ್ದರು. ನನಗೆ ತಾಯಿ ಇರಲಿಲ್ಲ. ಅಪ್ಪ ಹತ್ತಿ ಅಡತಿಯಲ್ಲಿ ಹಮಾಲ. ನಾನು ಧಾರವಾಡದ ಕಾಲೇಜಿಗೆ ರೈಲಿನಲ್ಲಿ ಹೋಗಿ ಬಂದಷ್ಟೂ ವರ್ಷ ನನ್ನ ಬುತ್ತಿಯಲ್ಲಿ ಅವಳ ರೊಟ್ಟಿ, ಅವಳು ಕುಟ್ಟಿದ ಚಟ್ನಿಪುಡಿ, ಅಂದರೆ ಹಿಂಡಿ.

ತಾರ್ಲಿ ಅಗ್ಗದ ಮೀನು. ಸಮುದ್ರದ ಕಡೆ ಹೆಚ್ಚಾದಾಗ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಾರೆಂದು ಅವಳೇ ಹೇಳುತ್ತಿದ್ದಳು. ಒಣಗಿಸಿ ಹುಬ್ಬಳ್ಳಿಗೆ ತಂದವರು ಒಳ್ಳೆಯದನ್ನು ಮಾರಿ, ಸಣ್ಣ, ಬಾಲ ಮುರಿದ ಮೀನನ್ನು ಬುಟ್ಟಿಯ ತಳದಲ್ಲಿ ಬಿಡುತ್ತಿದ್ದರು. ಆಯಿ ಕೊಳ್ಳುತ್ತಿದ್ದುದು ಆ ತಳವನ್ನೇ. ತಲೆ ಮುರಿದು, ಹೊಟ್ಟೆ ಸೀಳಿ, ಅಕ್ಕಿ ತೊಳೆದ ನೀರಿನಲ್ಲಿ ಉಪ್ಪು ಬಿಡಿಸಿ, ಮಾಳಿಗೆಯ ಮೇಲೆ ಮತ್ತೆ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿಯುತ್ತಿದ್ದಳು. ಒಂದು ಮೀನನ್ನು ಕಿವಿಯ ಹತ್ತಿರ ಹಿಡಿದು ಮುರಿಯುವಳು. ಲಟಕ್ ಅನ್ನದಿದ್ದರೆ ಮತ್ತೆ ಒಲೆಯ ಮೇಲೆ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಸೇರಿಸಿ ಕುಟ್ಟುವುದು. ಕುಟ್ಟಿದ ಪುಡಿಯನ್ನು ಅರಿವೆಯ ಮೇಲೆ ಹರವಿ ಇಡೀ ದಿನ ಆರಲು ಬಿಡುವುದು. ಶೇಂಗಾ ಹಿಂಡಿ, ಅಗಸಿ ಹಿಂಡಿ ತಿನ್ನುತ್ತಿದ್ದ ಬಡವರ ಓಣಿಗಳಿಗೆ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಮಾರಿ ಮೀನಿನ ಹಿಂಡಿಯ ರುಚಿ ಹಚ್ಚಿದಳು.

ಹುರಿಯುವ ದಿನ ಎದುರು ಮನೆಯ ಹಮಾಲ ಮೂಗು ಮುಚ್ಚಿಕೊಂಡು ಕೂಗುತ್ತಿದ್ದ: “ಏ ಆಯಿ, ಇವತ್ತ ಸಮುದ್ರಾನ ಓಣಿಗೆ ಕರಕೊಂಡ ಬಂದೀಯೇನ?”

“ಬರಾಕ ಅದಕ್ಕ ಕಾಲೆಲ್ಲೈತೋ ತಮ್ಮಾ? ನಾನ ಹೊತಗೊಂಡ ಬಂದೇನಿ. ಸಂಜೀಕ ವಾಟೆ ತಗೊಂಡ ಬಾ, ಮೂಗ ಬಿಟ್ಟ ಬಾ!”

ಸಂಜೆ ಬಟ್ಟಲು ಹಿಡಿದು ಬಂದ ಮೊದಲ ಗಿರಾಕಿ ಅವನೇ.

ನಾನು ಬಿ.ಎಸ್ಸಿ. ಪಾಸಾದೆ. ನಮ್ಮ ಮನೆತನದಲ್ಲಿ ಸಹಿ ಮಾಡಲು ಬಂದವನೇ ನಾನು ಮೊದಲು. ಆ ಹೆಮ್ಮೆ ನನಗೆ ಇಂದಿಗೂ ಇದೆ, ಮುಚ್ಚಿಡುವುದಿಲ್ಲ. ಆಯಿಗೆ ನನಗಿಂತ ಹೆಚ್ಚಿತ್ತು. “ಇನ್ನ ಮ್ಯಾಲೆ ನನಗ ಬುದ್ಧಿ ಹೇಳೂ ಮಂದಿ ಮೊದಲ ಇವನ್ನ ಕೇಳಿ ಬರ್ರಿ” ಎಂದು ಓಣಿಗೆಲ್ಲ ಸಾರಿದಳು.

ಯುದ್ಧದ ಕಾಲ. ಕಾಳುಕಡಿ ಸಿಗುವುದೇ ಕಷ್ಟವಾಗಿತ್ತು. ಸ್ಟೇಷನ್ ಹತ್ತಿರ ಕೂಲಿಗಾರರು ಉಣ್ಣುವ ಒಂದು ಖಾನಾವಳಿಯ ಮಾಲಕರು, ಮಳೆಗಾಲ ಪೂರ್ತಿ ಸಾಲುವಷ್ಟು ಹಿಂಡಿ ಒಮ್ಮೆಲೇ ಬೇಕೆಂದರು. ಆಯಿಯ ಮೊಳಕಾಲು ಊದಿಕೊಂಡಿದ್ದವು. ಇದು ಕೈಗೂಡಿದರೆ ತಲೆಯ ಮೇಲಿನ ಬುಟ್ಟಿ ಇಳಿಸಿ ಮನೆಯಲ್ಲೇ ಕೂತು ಉಣ್ಣಬಹುದಿತ್ತು. ಆದರೆ ಮಳೆಯ ಥಂಡಿಗೆ ಹಿಂಡಿ ತಡೆಯುವುದಿಲ್ಲವೆಂದು ಹಿಂಜರಿದಳು. ತಗಡಿನ ಡಬ್ಬಿಯಲ್ಲಿ ತುಂಬಿ ಬೆಸುಗೆ ಹಾಕಿಸೋಣ ಎಂದವನು ನಾನು.

“ಬಿಸಿ ಇದ್ದಾಗನ ತುಂಬಬೇಕ ಆಯಿ. ಬಿಸಿಗೆ ಹುಳ ಸಾಯತಾವು.”

“ಬಿಸಿದ ಮುಚ್ಚಿದ್ರ ಬೆವರತೈತೋ. ರೊಟ್ಟಿ ಬುಟ್ಟಿ ನೋಡಿಲ್ಲೇನ ನೀ?”

“ರೊಟ್ಟಿ ಮಾತ ಬ್ಯಾರೆ. ಇದ ಪುಸ್ತಕದಾಗ ಐತಿ.”

ಅರಿವೆಯ ಮೇಲೆ ಹಬೆಯಾಡುತ್ತಿದ್ದ ಪುಡಿಯನ್ನು ಸ್ವಲ್ಪ ಹೊತ್ತು ನೋಡಿದಳು. “ಪುಸ್ತಕದಾಗ ಐತೆಂದ್ರ ಖರೇನ ಇರಬೇಕ ಬಿಡು” ಎಂದು ತಾನೇ ಬೊಗಸೆಯಲ್ಲಿ ಎತ್ತಿ ಡಬ್ಬಿಗೆ ತುಂಬಿದಳು.

ಪುಸ್ತಕದಲ್ಲಿ ಇದ್ದದ್ದು ಹಣ್ಣಿನ ವಿಷಯ, ಮುಚ್ಚಿದ ಡಬ್ಬಿಯನ್ನು ಮತ್ತೆ ಕುದಿಸುವ ವಿಷಯ. ಪುಡಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನಾನು ಅರ್ಧ ಓದಿ ಪೂರ್ತಿ ಹೇಳಿದ್ದೆ.

ಮಳೆ ಹಿಡಿದು ಕೆಲವು ವಾರಕ್ಕೆ ಖಾನಾವಳಿಯಿಂದ ಕರೆ ಬಂತು. ಅಡುಗೆಯವನು ಮೊದಲ ಡಬ್ಬಿಯನ್ನು ಒಡೆದು, ಹೊಗೆಗತ್ತಲೆಯಲ್ಲಿ ನೋಡದೆಯೇ ಬಡಿಸಿದ್ದ. ಉಂಡವರು ವಾಂತಿ ಮಾಡಿಕೊಂಡು ಬಿದ್ದಿದ್ದರು. ಮಾಲಕರು ನಮ್ಮ ಮುಂದೆ ಉಳಿದ ಡಬ್ಬಿಗಳನ್ನು ಒಂದೊಂದಾಗಿ ಒಡೆಸಿದರು. ಮುಚ್ಚಳದ ಒಳಬದಿ ಒದ್ದೆ. ಹಿಂಡಿಯ ಮೇಲೆ ಬೂದುಬಣ್ಣದ ಬೂಷ್ಟು.

“ದುಡಿಯೂ ಮಂದಿ ಜೀವದ ಜೋಡಿ ಆಟಾ ಆಡತೀಯೇನ ಮುದುಕಿ?”

ನಾನು ಆಯಿಯ ಹಿಂದೆ ಸರಿದೆ. ಆಯಿ ಸೆರಗು ಹೊದ್ದು ಕೈಮುಗಿದಳು. “ನನ್ನ ಕೈ ತಪ್ಪೈತ್ರಿ. ಆರಸೂದ ಮರತೆ. ವಯಸ್ಸಾತು.”

ದಾರಿಯಲ್ಲಿ ನಾನು ಅತ್ತೆ. ಅವಳು ಬೈಯಲಿಲ್ಲ. “ಮುದುಕಿ ಕೈ ಕೆಟ್ಟತು ಅಂದ್ರ ಮಂದಿ ಎರಡ ದಿನ ಆಡಿಕೊಂತಾರ. ನಿನ್ನ ಕಲತದ್ದ ಕೆಟ್ಟತು ಅಂದ್ರ, ನಮ್ಮ ಓಣ್ಯಾಗ ಇನ್ನೊಂದ ಕೂಸನ್ನ ಯಾರೂ ಸಾಲಿಗೆ ಕಳಸೂದಿಲ್ಲೋ. ಬಾಯಿ ಬಿಡಬ್ಯಾಡ.”

ಎರಡು ದಿನಕ್ಕೆ ಮುಗಿಯಲಿಲ್ಲ. ವಾಟೆ ಹಿಡಿದು ಬರುತ್ತಿದ್ದವರು ಬಾಗಿಲು ದಾಟಿ ಹೋಗತೊಡಗಿದರು, ಎದುರು ಮನೆಯ ಹಮಾಲನೂ. ಆಯಿ ಜಿನ್ನಿಂಗ್ ಗಿರಣಿಯಲ್ಲಿ ಹತ್ತಿಯ ಕಸ ಆರಿಸಲು ಹೋದಳು. ಅಲ್ಲಿಯ ಧೂಳಿಗೆ ಕೆಮ್ಮು ಹತ್ತಿತು. ಆಗ ನಾನು ಧಾರವಾಡದಲ್ಲಿ ಹೈಸ್ಕೂಲು ಮಾಸ್ತರ. ಭಾನುವಾರಗಳಲ್ಲಿ ಔಷಧ ತಂದುಕೊಡುತ್ತಿದ್ದೆ, ಸತ್ಯವನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅವಳ ಮಾತು ನನಗೆ ಅನುಕೂಲವಾಗಿತ್ತು. ಮುಂದಿನ ಬೇಸಿಗೆಯ ಮೀನು ಊರಿಗೆ ಬರುವ ಮೊದಲೇ ಆಯಿ ಹೋದಳು. ಹೆಗಲು ಕೊಡಲು ನಾಲ್ಕು ಜನ ಕೂಡಿಸುವುದೇ ಕಷ್ಟವಾಯಿತು.

ಆ ವರ್ಷ ಸಾಲೆ ಶುರುವಾದಾಗ ಎದುರು ಮನೆಯ ಹಮಾಲ ತನ್ನ ಮಗಳ ಹೆಸರು ಹಚ್ಚಿಸಲು ನನ್ನನ್ನು ಜೊತೆಗೆ ಕರೆದ. ಸಾಲೆಯ ಬಾಗಿಲಲ್ಲಿ ಮಗಳಿಗೆ ಹೇಳಿದ: “ಮಾಸ್ತರರಂಗ ಶ್ಯಾಣ್ಯಾಕಿ ಆಗಬೇಕವಾ ನೀ. ಇಲ್ಲಂದ್ರ ಆ ಆಯಿ ಹಂಗ ಮಂದಿಗೆ ಕೆಟ್ಟದ್ದ ತಿನಸಿ ಸಾಯೂದ.”

“ಆಯಿ ಬ್ಯಾಡಂದಿದ್ಲು” ಎಂದೆ. “ಬಿಸಿದ ತುಂಬಸಿದಾಂವ ನಾನು.”

ಅವನು ನಿಂತ. “ಅವತ್ತ ಖಾನಾವಳ್ಯಾಗ ನೀವೂ ಇದ್ರೆಲ್ಲಾ?”

“ಇದ್ದೆ. ಸುಮ್ಮನ ನಿಂತಿದ್ದೆ.”

ಅವನು ಮಗಳ ಕೈ ಹಿಡಿದು ಒಳಗೆ ಹೋಗಿ ಹೆಸರು ಹಚ್ಚಿಸಿ, ಹೊರಬಂದು, ನನ್ನನ್ನು ಮಾತಾಡಿಸದೆ ಮನೆಯ ದಾರಿ ಹಿಡಿದ.

ಆಯಿ ಅಂಜಿದ್ದು ಆಗಲಿಲ್ಲ. ಖರೇ ಕೇಳಿಯೂ ಅವನು ಮಗಳನ್ನು ಸಾಲೆಗೆ ಹಾಕಿದ. ಅಂದು ಖಾನಾವಳಿಯಲ್ಲೇ ನಾನು ಬಾಯಿ ಬಿಟ್ಟಿದ್ದರೆ ನನ್ನ ಮರ್ಯಾದೆ ಒಂದೇ ಹೋಗುತ್ತಿತ್ತು.